ಅಟ್ಟದ ಕೋಣೆಗೆ ಸರ್ಟಿಫಿಕೇಟ್ ಇರಲಿಲ್ಲ: ಇಂಗ್ಲೆಂಡಿನಲ್ಲಿ ಮನೆ ಕೊಂಡ ಏಳು ತಿಂಗಳು

2025ರ ಏಪ್ರಿಲ್ 11, ಶುಕ್ರವಾರ. ಮಧ್ಯಾಹ್ನ ಒಂದು ಗಂಟೆಗೆ ಏಜೆಂಟ್ ಆಫೀಸಿನಲ್ಲಿ ಕೀ ನಮ್ಮ ಕೈಗೆ ಬಂತು. ಮನೆ ಒಪ್ಪಿಕೊಂಡಿದ್ದು ಹಿಂದಿನ ಸೆಪ್ಟೆಂಬರ್‌ನಲ್ಲಿ. ಕ್ರಿಸ್‌ಮಸ್ ಹೊತ್ತಿಗೆ ಹೊಸ ಮನೆಯಲ್ಲಿ ಇರುತ್ತೇವೆ ಅಂತ ಮಕ್ಕಳಿಗೆ ಹೇಳಿದ್ದೆವು. ಏಳು ತಿಂಗಳು ಹಿಡಿಯಿತು. ತಡವಾಗಿದ್ದು ಸಾಲದಿಂದ ಅಲ್ಲ, ಬೆಲೆಯಿಂದಲೂ ಅಲ್ಲ. ಅಟ್ಟದ ಮೇಲಿನ ಒಂದು ಕೋಣೆ, ಕೆಳಗಿನ ಒಂದು ಗೋಡೆ, ಇಷ್ಟರಿಂದ. ಇಲ್ಲಿಗೆ ಬಂದು ಮನೆ ಹುಡುಕುತ್ತಿರುವ ನಮ್ಮ ಕಡೆಯವರು ತುಂಬಾ ಜನ ಇದ್ದಾರೆ. ನಾನು ಪಟ್ಟ ಗೊಂದಲ ಅವರಿಗೆ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಮನೆ ಲಂಡನ್ನಿನ ಪಶ್ಚಿಮಕ್ಕೆ, ಪ್ಯಾಡಿಂಗ್ಟನ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಊರಿನಲ್ಲಿದೆ. 1930ರ ದಶಕದ ಸೆಮಿ, ಅಂದರೆ ಒಂದು ಕಡೆಯ ಗೋಡೆ ಪಕ್ಕದ ಮನೆಗೂ ಸೇರಿದ್ದು. ಕೆಳಗೆ ಹಾಲ್, ಊಟದ ಮನೆ, ಹಿಂದಕ್ಕೆ ಬೆಳೆಸಿದ ಅಡುಗೆಮನೆ. ಮೇಲೆ ಮೂರು ಕೋಣೆ. ಅದರ ಮೇಲೆ ಛಾವಣಿಯ ಒಳಗೆ ನಾಲ್ಕನೇ ಕೋಣೆ, ಇಲ್ಲಿಯವರು ಲಾಫ್ಟ್ ಕನ್ವರ್ಷನ್ ಅನ್ನುವುದು. ಮಾರುವವರು ಹೆಂಡತಿಯನ್ನು ಕಳೆದುಕೊಂಡ ಹಿರಿಯರು, ಮಗಳ ಊರಿಗೆ ಹೋಗಲು ಹೊರಟಿದ್ದರು. ಮೊದಲ ಸಲ ನೋಡಲು ಹೋದಾಗ ನನ್ನ ದೊಡ್ಡ ಮಗಳು ನೇರ ಅಟ್ಟಕ್ಕೆ ಓಡಿದಳು. ಛಾವಣಿಯ ಕಿಟಕಿಯಿಂದ ರೈಲು ಕಾಣಿಸುತ್ತಿತ್ತು. "ಇದು ನನ್ನ ರೂಮ್" ಅಂದಳು. ನಾವು ಸೋತಿದ್ದು ಅಲ್ಲೇ.

4,60,000 ಪೌಂಡ್‌ಗೆ ಮಾತಾಯಿತು. ಇಲ್ಲಿ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಆಫರ್ ಒಪ್ಪಿದರು ಅಂದರೆ ಮಾತು ಮುಗಿಯಿತು ಅಂತಲ್ಲ. ನಮ್ಮ ಊರಲ್ಲಿ ಮುಂಗಡ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ಳುತ್ತೇವಲ್ಲ, ಆ ಹಂತ ಇಲ್ಲಿ ತುಂಬಾ ತಡವಾಗಿ ಬರುತ್ತದೆ. ಅದಕ್ಕೆ ಎಕ್ಸ್‌ಚೇಂಜ್ ಅನ್ನುತ್ತಾರೆ. ಸಾಮಾನ್ಯವಾಗಿ ಹತ್ತು ಪರ್ಸೆಂಟ್ ಹಣ ಕೈಬದಲಾಗುವುದು ಅವತ್ತೇ. ಅಲ್ಲಿಯವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಸರ್ವೆ (ಮನೆಯ ಸ್ಥಿತಿಯ ತಪಾಸಣೆ), ಸರ್ಚ್ (ಮನೆಯ ಬಗ್ಗೆ ಸರ್ಕಾರಿ ದಾಖಲೆಗಳ ಹುಡುಕಾಟ), ವಕೀಲರ ಫೀಸ್ ಅಂತ ಖರ್ಚು ಮಾಡಿದ್ದೆಲ್ಲ ವಾಪಸ್ ಬರುವುದಿಲ್ಲ.

ಇನ್ನೊಂದು, ನಮ್ಮವರಿಗೆ ಬಹಳ ಮುಖ್ಯವಾದದ್ದು. ಮೊದಲ ಬಾರಿ ಮನೆ ಕೊಳ್ಳುವವರಿಗೆ ಸ್ಟಾಂಪ್ ಡ್ಯೂಟಿಯಲ್ಲಿ ರಿಯಾಯಿತಿ ಇದೆ. ಆದರೆ "ಮೊದಲ ಬಾರಿ" ಅಂದರೆ ಪ್ರಪಂಚದಲ್ಲಿ ಎಲ್ಲೂ ನಿಮ್ಮ ಹೆಸರಿನಲ್ಲಿ ಮನೆ ಇದ್ದಿರಬಾರದು. ಬೆಂಗಳೂರಿನ ಫ್ಲ್ಯಾಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಅಷ್ಟೇ ಅಲ್ಲ, ಈಗಲೂ ಊರಲ್ಲಿ ಮನೆ ಇದ್ದರೆ ಹೆಚ್ಚುವರಿ ತೆರಿಗೆಯೂ ಬೀಳಬಹುದು. 2024ರ ಅಕ್ಟೋಬರ್ 31ರಿಂದ ಅದು 5 ಪರ್ಸೆಂಟ್. ಹಾಸನದ ನಮ್ಮ ಮನೆ ಅಪ್ಪನ ಹೆಸರಿನಲ್ಲೇ ಇದೆ, ಇವರ ಕಡೆಯದು ಅತ್ತೆಯ ಹೆಸರಿನಲ್ಲಿದೆ. ಹಾಗಾಗಿ ನಮಗೆ ರಿಯಾಯಿತಿ ಸಿಗುತ್ತಿತ್ತು. 2025ರ ಮಾರ್ಚ್ 31ರ ಒಳಗೆ ಕೀ ಸಿಕ್ಕರೆ 4,25,000 ಪೌಂಡ್‌ವರೆಗೆ ತೆರಿಗೆ ಇಲ್ಲ, ಮಿಕ್ಕ 35,000ಕ್ಕೆ 5 ಪರ್ಸೆಂಟ್, ಒಟ್ಟು 1,750 ಪೌಂಡ್. ಏಪ್ರಿಲ್ 1 ಆದರೆ ತೆರಿಗೆ ಇಲ್ಲದ ಮಿತಿ 3,00,000ಕ್ಕೆ ಇಳಿಯುತ್ತದೆ, ಆಗ 8,000 ಪೌಂಡ್. ಸೆಪ್ಟೆಂಬರ್‌ನಲ್ಲಿ ಕೂತು ಈ ಲೆಕ್ಕ ಹಾಕಿದಾಗ ಆರು ತಿಂಗಳು ಕೈಯಲ್ಲಿದೆ, ಧಾರಾಳ ಆಯ್ತು ಅಂದುಕೊಂಡಿದ್ದೆವು.

ಅಕ್ಟೋಬರ್‌ನಲ್ಲಿ ಬ್ಯಾಂಕಿನ ಸಾಲ ಮಂಜೂರಾಯಿತು, ಆರು ತಿಂಗಳ ಗಡುವಿನ ಜೊತೆ. ಲೆವೆಲ್ 2 ಸರ್ವೆ ಮಾಡಿಸಿದೆವು, 550 ಪೌಂಡ್. ಮನೆಯಲ್ಲಿ ಇಷ್ಟೊಂದು ಬದಲಾವಣೆ ಆಗಿದ್ದರೆ ಇನ್ನೂ ವಿವರವಾದ ಲೆವೆಲ್ 3 ಮಾಡಿಸುವುದೇ ಒಳ್ಳೆಯದು ಅಂತ ಈಗ ಅನ್ನಿಸುತ್ತದೆ. ಸರ್ವೆಯವರು ಬರೆದಿದ್ದ ಒಂದು ಸಾಲು ಇವತ್ತಿಗೂ ನೆನಪಿದೆ: ಅಟ್ಟದ ಕೋಣೆಗೆ ಮತ್ತು ಕೆಳಗೆ ತೆಗೆದಿರುವ ಗೋಡೆಗೆ ಬೇಕಾದ ಅನುಮತಿಗಳಿವೆಯೇ ಎಂದು ನಿಮ್ಮ ವಕೀಲರು ಖಚಿತಪಡಿಸಿಕೊಳ್ಳಲಿ. ನಾನು ಆ ಸಾಲನ್ನು ಓದಿ ಮುಂದಿನ ಪುಟಕ್ಕೆ ಹೋದೆ. ನೀವು ಹಾಗೆ ಮಾಡಬೇಡಿ. ಆ ಸಾಲನ್ನು ಅವತ್ತೇ ವಕೀಲರಿಗೆ ಕಳಿಸಿ.

ಅಕ್ಟೋಬರ್ ಮಧ್ಯದಲ್ಲಿ ಮಾರುವವರ ಕಡೆಯಿಂದ ಕಾಗದಪತ್ರ ಬಂತು. ಅದರಲ್ಲಿ ಟಿಎ6 ಅನ್ನುವ ಫಾರಂ ಇರುತ್ತದೆ. ಮನೆಯ ಬಗ್ಗೆ ಮಾರುವವರು ತಾವೇ ತುಂಬಿಕೊಡುವುದು. ಕಟ್ಟಡದಲ್ಲಿ ಏನೇನು ಬದಲಾವಣೆ ಮಾಡಿದ್ದೀರಿ, ಯಾವಾಗ, ಅನುಮತಿ ಪತ್ರ ಇದೆಯಾ ಅಂತ ಅಲ್ಲಿ ಕೇಳಿರುತ್ತಾರೆ. ನಮ್ಮ ಫಾರಂನಲ್ಲಿ ನಡುಗುವ ಕೈಬರಹದಲ್ಲಿ ಹೀಗಿತ್ತು: ಅಡುಗೆಮನೆ 2009, ಅಟ್ಟ 2016, ಹಾಲ್ ಗೋಡೆ 2019. ಸರ್ಟಿಫಿಕೇಟ್ ಕಾಲಂನಲ್ಲಿ ಅಡುಗೆಮನೆಯ ಮುಂದೆ ಮಾತ್ರ "ಲಗತ್ತಿಸಿದೆ" ಅಂತಿತ್ತು. ಮಿಕ್ಕ ಎರಡರ ಮುಂದೆ "ಹುಡುಕುತ್ತಿದ್ದೇನೆ".

ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತದಿಂದ ಲೋಕಲ್ ಸರ್ಚ್ ಬರಲು ಐದು ವಾರ ಆಯಿತು. ಬಂದಾಗ ನವೆಂಬರ್ ಕೊನೆ. ಅದರಲ್ಲಿ ಅಟ್ಟಕ್ಕೆ 2016ರಲ್ಲಿ ಬಿಲ್ಡಿಂಗ್ ಕಂಟ್ರೋಲ್‌ಗೆ, ಅಂದರೆ ಕಟ್ಟಡ ಕೆಲಸವನ್ನು ತಪಾಸಣೆ ಮಾಡುವ ವಿಭಾಗಕ್ಕೆ, ಅರ್ಜಿ ಹಾಕಿದ್ದು ಇತ್ತು. ಕೆಲಸ ಮುಗಿಯಿತು ಅನ್ನುವ ಕಂಪ್ಲೀಷನ್ ಸರ್ಟಿಫಿಕೇಟ್ ಇರಲಿಲ್ಲ. ಹಾಲ್ ಗೋಡೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

ನನಗೆ ಆಗ ಇಡೀ ವಿಷಯ ಒಂದೇ ಮುದ್ದೆಯಾಗಿ ಕಾಣುತ್ತಿತ್ತು. ಪ್ಲಾನಿಂಗ್, ಬಿಲ್ಡಿಂಗ್, ಎಲ್ಲ ಕೌನ್ಸಿಲ್ ಅನುಮತಿ ತಾನೆ ಅಂದುಕೊಂಡಿದ್ದೆ. ನಮ್ಮ ವಕೀಲೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಅದನ್ನೇ ನನ್ನ ಮಾತಿನಲ್ಲಿ ಹೇಳುತ್ತೇನೆ. ಪ್ಲಾನಿಂಗ್ ಅಂದರೆ ಅಲ್ಲಿ ಅದನ್ನು ಕಟ್ಟಬಹುದೇ, ಎಷ್ಟು ದೊಡ್ಡದು, ಹೊರಗಿನಿಂದ ಹೇಗೆ ಕಾಣುತ್ತದೆ, ಅಕ್ಕಪಕ್ಕದವರಿಗೆ ತೊಂದರೆಯೇ ಅನ್ನುವ ಪ್ರಶ್ನೆ. ಬಿಲ್ಡಿಂಗ್ ರೆಗ್ಯುಲೇಷನ್ಸ್ ಅಂದರೆ ಕಟ್ಟಿದ್ದು ಗಟ್ಟಿಯಾಗಿದೆಯೇ, ಬೆಂಕಿ ಬಿದ್ದರೆ ಹೊರಗೆ ಬರಬಹುದೇ, ಚಳಿ ತಡೆಯುತ್ತದೆಯೇ ಅನ್ನುವ ಪ್ರಶ್ನೆ. ಒಂದು ಇದೆ ಅಂದರೆ ಇನ್ನೊಂದು ಇದೆ ಅಂತ ಅರ್ಥ ಅಲ್ಲ. ಬೆಂಗಳೂರಿನಲ್ಲಿ ಮನೆ ಕಟ್ಟಿದವರಿಗೆ ಪ್ಲಾನ್ ಸ್ಯಾಂಕ್ಷನ್ ಬೇರೆ, ಓಸಿ (ಕಟ್ಟಿದ ಮೇಲೆ ವಾಸಕ್ಕೆ ಕೊಡುವ ಪತ್ರ) ಬೇರೆ ಅಂತ ಗೊತ್ತಲ್ವಾ, ಆ ಕಡೆಯಿಂದ ಯೋಚಿಸಿದರೆ ಸ್ವಲ್ಪ ಸುಲಭವಾಗುತ್ತದೆ.

ಪ್ಲಾನಿಂಗ್ ಕಡೆಯಿಂದ ನಮಗೆ ಭಯ ಇರಲಿಲ್ಲ. ಮನೆಗಳಿಗೆ ಅರ್ಜಿ ಹಾಕದೆಯೇ ಸ್ವಲ್ಪ ಬೆಳೆಸಿಕೊಳ್ಳುವ ಹಕ್ಕಿದೆ, ಪರ್ಮಿಟೆಡ್ ಡೆವಲಪ್‌ಮೆಂಟ್ ಅನ್ನುತ್ತಾರೆ. ಸೆಮಿ ಮನೆಯ ಛಾವಣಿಗೆ 50 ಘನ ಮೀಟರ್‌ವರೆಗೆ, ಸಾಲುಮನೆಗೆ 40. ನಮ್ಮದು ಅದರೊಳಗೇ ಇತ್ತು ಅಂತ ವಕೀಲೆಯ ಅಂದಾಜು. ಸ್ವಲ್ಪ ಮೀರಿದ್ದರೂ ಕಾಲ ಕಳೆದುಹೋಗಿತ್ತು. ಮೊದಲು ಇಂಥ ಕಟ್ಟಡ ಕೆಲಸಕ್ಕೆ ನಾಲ್ಕು ವರ್ಷ ಕಳೆದರೆ ಕೌನ್ಸಿಲ್ ಪ್ಲಾನಿಂಗ್ ಕ್ರಮ ತೆಗೆದುಕೊಳ್ಳುವಂತಿರಲಿಲ್ಲ. 2024ರ ಏಪ್ರಿಲ್ 25ರಿಂದ ಇಂಗ್ಲೆಂಡಿನಲ್ಲಿ ಅದನ್ನು ಹತ್ತು ವರ್ಷ ಮಾಡಿದ್ದಾರೆ. ಆ ದಿನಕ್ಕೆ ಮೊದಲೇ ಬಹುಪಾಲು ಮುಗಿದಿದ್ದ ಕೆಲಸಕ್ಕೆ ಹಳೆಯ ನಾಲ್ಕು ವರ್ಷವೇ. ವೇಲ್ಸ್ ಮತ್ತು ಸ್ಕಾಟ್ಲೆಂಡಿನಲ್ಲಿ ನಿಯಮ ಬೇರೆ, ಅಲ್ಲಿ ಕೊಳ್ಳುವವರು ಇದನ್ನು ನಂಬಿ ಕೂರಬೇಡಿ. ನೀವು ನೋಡುತ್ತಿರುವ ಮನೆಯಲ್ಲಿ ಇತ್ತೀಚೆಗೆ ಕೆಲಸ ಆಗಿದ್ದರೆ ಮುಗಿದ ತಾರೀಕಿಗೆ ಪುರಾವೆ ಕೇಳಿ. ನಮಗೆ ಮೇಸ್ತ್ರಿಯ ಬಿಲ್ ಸಿಕ್ಕಿತು, ಸಾಕಾಯಿತು.

ಆದರೆ ಒಂದು ಎಚ್ಚರಿಕೆ. ಹಳೆಯ ಚಹರೆ ಕಾಪಾಡಲು ಗುರುತಿಸಿದ ಕನ್ಸರ್ವೇಷನ್ ಏರಿಯಾದಲ್ಲಿ ಈ ಹಕ್ಕು ಕಡಿಮೆ ಇರುತ್ತದೆ. ಈ ಹಕ್ಕನ್ನು ಹಿಂತೆಗೆದುಕೊಳ್ಳುವ ಆರ್ಟಿಕಲ್ 4 ಅನ್ನುವ ಆದೇಶ ಇದ್ದರೆ ಕೆಲವು ಹಕ್ಕು ಇರುವುದೇ ಇಲ್ಲ. ಲಿಸ್ಟೆಡ್, ಅಂದರೆ ಪಾರಂಪರಿಕ ಪಟ್ಟಿಗೆ ಸೇರಿದ ಕಟ್ಟಡವಾದರೆ ಇನ್ನೂ ಕಷ್ಟ. ಅಲ್ಲಿ ಅನುಮತಿ ಇಲ್ಲದೆ ಬದಲಾಯಿಸುವುದೇ ಅಪರಾಧ, ಕ್ರಮಕ್ಕೆ ಕಾಲಮಿತಿಯೂ ಇಲ್ಲ. ಹಿಂದಿನವರು ಮಾಡಿದ್ದನ್ನು ಸರಿಪಡಿಸಿ ಅಂತ ಈಗಿನ ಮಾಲೀಕರಿಗೆ ನೋಟಿಸ್ ಬರಬಹುದು. ಹಳೆಯ ಚೆಂದದ ಮನೆ ನೋಡಿ ಮನಸೋಲುವ ಮೊದಲು ಇದನ್ನು ಕೇಳಿಕೊಳ್ಳಿ.

ನಮ್ಮ ತಲೆನೋವು ಇದ್ದದ್ದು ಬಿಲ್ಡಿಂಗ್ ರೆಗ್ಯುಲೇಷನ್ಸ್ ಕಡೆ. ಮಾರುವವರ ವಕೀಲರು ಒಂದೇ ಸಾಲಿನಲ್ಲಿ ಉತ್ತರ ಕಳಿಸಿದರು: ಇಂಡೆಮ್ನಿಟಿ ಇನ್ಶೂರೆನ್ಸ್ ಕೊಡುತ್ತೇವೆ. ಸರ್ಟಿಫಿಕೇಟ್ ಇಲ್ಲದ್ದಕ್ಕೆ ಬದಲಾಗಿ ಕೊಡುವ ಒಂದು ವಿಮೆ ಅದು. ಪ್ರೀಮಿಯಂ 96 ಪೌಂಡ್, ಅದನ್ನೂ ಅವರೇ ಕಟ್ಟುತ್ತಾರೆ. ಒಂದೇ ಸಲ ಕಟ್ಟಿದರೆ ಆಯಿತು, ಮುಂದೆ ನಾವು ಮಾರಿದರೂ ಕೊಂಡವರಿಗೆ ಅದೇ ಪಾಲಿಸಿ ನಡೆಯುತ್ತದೆ. ಇವರಿಗೆ ಖುಷಿಯಾಯಿತು. "ಸುಮ್ನೆ ತಗೊಂಡ್ಬಿಡೋಣ, ಎಲ್ಲರೂ ಹಾಗೇ ಮಾಡ್ತಾರಂತೆ" ಅಂದರು. ಆಫೀಸಿನಲ್ಲಿ ವಿಚಾರಿಸಿಯೂ ಬಂದಿದ್ದರು.

ಅವತ್ತು ರಾತ್ರಿ ಶಿವಮೊಗ್ಗದಿಂದ ಅತ್ತೆ ಫೋನ್ ಮಾಡಿದ್ದರು. ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು. "ಕಾಗದ ಹಾಗಿರಲಿ ಕಣಮ್ಮ, ಮಗು ಮಲಗೋ ಕೋಣೆ ಗಟ್ಟಿಯಾಗಿದೆ ತಾನೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ವಕೀಲೆಯನ್ನು ಕೇಳಿದೆ: ಛಾವಣಿಯ ತೊಲೆ ಸರಿಯಿಲ್ಲದಿದ್ದರೆ ಈ ಪಾಲಿಸಿ ಹಣ ಕೊಡುತ್ತದೆಯೇ? ಇಲ್ಲ. ಬೆಂಕಿ ಬಿದ್ದಾಗ ಮೆಟ್ಟಿಲಲ್ಲಿ ಹೊಗೆ ತುಂಬಿದರೆ? ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕೌನ್ಸಿಲ್ ನಿಮ್ಮ ಮೇಲೆ ಕ್ರಮ ತೆಗೆದುಕೊಂಡರೆ ಆಗುವ ಖರ್ಚು, ಅದರಿಂದ ಮನೆಯ ಬೆಲೆ ಇಳಿದರೆ ಆ ನಷ್ಟ, ಅಷ್ಟಕ್ಕೆ ಮಾತ್ರ. ಸರಿಯಿಲ್ಲದ ಕೆಲಸವನ್ನು ಸರಿಪಡಿಸು ಅಂತ ನೋಟಿಸ್ ಕೊಡಲು ಕೌನ್ಸಿಲ್‌ಗೆ ಮೊದಲು ಒಂದು ವರ್ಷ ಮಾತ್ರ ಇತ್ತು, 2023ರ ಅಕ್ಟೋಬರ್‌ನಲ್ಲಿ ಅದನ್ನು ಹತ್ತು ವರ್ಷಕ್ಕೆ ಏರಿಸಿದ್ದಾರೆ ಅಂತಲೂ ಹೇಳಿದರು.

ಇಂಡೆಮ್ನಿಟಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇಪ್ಪತ್ತು ವರ್ಷ ಹಿಂದೆ ಹಾಕಿದ ಕಿಟಕಿಗೆ ಕಾಗದ ಇಲ್ಲ ಅಂದರೆ ಅದು ಸಾಕು. ಆದರೆ ಅದು ಕಾಗದದ ಪ್ರಶ್ನೆಗೆ ಉತ್ತರ, ಮನೆಯ ಪ್ರಶ್ನೆಗೆ ಅಲ್ಲ. ಈ ಎರಡು ಪ್ರಶ್ನೆ ಬೇರೆ ಬೇರೆ ಅಂತ ನನಗೆ ಮೊದಲು ತೋರಿಸಿಕೊಟ್ಟಿದ್ದು ವಕೀಲೆ ಅಲ್ಲ, ಅತ್ತೆ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಡಿಸೆಂಬರ್ ಮೊದಲ ಸೋಮವಾರ, ಆಸ್ಪತ್ರೆಯ ಲ್ಯಾಬಿನಲ್ಲಿ ಊಟದ ಬಿಡುವು. 2016ರ ಫೈಲಿನಲ್ಲಿ ಏನಿದೆ ತಿಳಿದುಕೊಳ್ಳೋಣ ಅಂತ ನೇರವಾಗಿ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್‌ಗೆ ಫೋನ್ ಮಾಡಿದೆ. ಮನೆಯ ವಿಳಾಸ ಹೇಳಿದೆ. ಅಲ್ಲಿದ್ದವರು ಒಳ್ಳೆಯ ಮನುಷ್ಯ, ಕಂಪ್ಯೂಟರ್ ನೋಡಿ ಹೇಳಿದರು: ತೊಲೆ ಕೂರಿಸಿದಾಗ ನೋಡಿದ್ದೇವೆ, ನೆಲ ಹಾಕಿದಾಗ ನೋಡಿದ್ದೇವೆ, ಕೊನೆಯ ತಪಾಸಣೆಗೆ ಯಾರೂ ಕರೆಯಲಿಲ್ಲ, ಫೈಲ್ ಮುಚ್ಚಿದ್ದೇವೆ. ನನಗೆ ಸಮಾಧಾನವಾಯಿತು. ತೊಲೆ ನೋಡಿದ್ದಾರಲ್ಲ! ಸಂಜೆ ವಕೀಲೆಗೆ ಖುಷಿಯಿಂದ ಇಮೇಲ್ ಬರೆದೆ.

ಐದೇ ನಿಮಿಷಕ್ಕೆ ಅವರ ಫೋನ್ ಬಂತು. "ನೀವು ವಿಳಾಸ ಹೇಳಿದಿರಾ?"

ಎದೆ ಧಸಕ್ಕೆಂದಿತು. ಇಂಡೆಮ್ನಿಟಿ ಪಾಲಿಸಿಯ ಷರತ್ತೇ ಅದಂತೆ. ಈ ವಿಷಯವಾಗಿ ಯಾರೂ ಕೌನ್ಸಿಲ್ ಜೊತೆ ಮಾತಾಡಿರಬಾರದು. ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ. ಮಾತಾಡಿದ್ದರೆ ಪಾಲಿಸಿ ಸಿಗುವುದಿಲ್ಲ. ಮುಚ್ಚಿಟ್ಟು ತೆಗೆದುಕೊಂಡರೆ ಆಮೇಲೆ ಅದಕ್ಕೆ ಬೆಲೆ ಇರುವುದಿಲ್ಲ. ನಮಗಷ್ಟೇ ಅಲ್ಲ, ನಾವು ಬಿಟ್ಟುಹೋದರೆ ಆ ಹಿರಿಯರ ಮುಂದಿನ ಗಿರಾಕಿಗೂ ಆ ದಾರಿ ಮುಚ್ಚಿಹೋಗಿತ್ತು. ಇದನ್ನು ದಯವಿಟ್ಟು ನೆನಪಿಡಿ. ಕೌನ್ಸಿಲ್‌ನ ಜಾಲತಾಣದಲ್ಲಿ ಪ್ಲಾನಿಂಗ್ ದಾಖಲೆ ಯಾರು ಬೇಕಾದರೂ ನೋಡಬಹುದು, ಅದಕ್ಕೆ ತಕರಾರಿಲ್ಲ. ವಿಳಾಸ ಹೇಳಿ ಫೋನ್ ಮಾಡುವುದು, ಇಮೇಲ್ ಬರೆಯುವುದು, ಇವುಗಳಿಗೆ ಮೊದಲು ವಕೀಲರನ್ನು ಕೇಳಿ.

ಮಾರುವವರಿಗೆ ತುಂಬಾ ಸಿಟ್ಟು ಬಂತು. ಬರುವುದು ಸಹಜವೇ. ಏಜೆಂಟ್ ಫೋನ್ ಮಾಡಿ, ಮನೆಯನ್ನು ಮತ್ತೆ ಮಾರುಕಟ್ಟೆಗೆ ಹಾಕುವ ಮಾತು ನಡೆಯುತ್ತಿದೆ ಅಂದರು. ಆಮೇಲೆ ಎರಡು ವಾರ ಯಾರಿಂದಲೂ ಸುದ್ದಿ ಇಲ್ಲ. ಕ್ರಿಸ್‌ಮಸ್ ರಜೆ ಬಂತು, ಎಲ್ಲ ಆಫೀಸೂ ಮುಚ್ಚಿತು. ಅಷ್ಟರಲ್ಲಿ ನಮ್ಮ ಸುಮಾರು ಎರಡು ಸಾವಿರ ಪೌಂಡ್ ಖರ್ಚಾಗಿತ್ತು. ಮಗಳು ಅಟ್ಟದ ಕೋಣೆಯ ಚಿತ್ರ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಳು. ಅದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ. ಇವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ಇನ್ನೂ ಕಷ್ಟವಾಗುತ್ತಿತ್ತು.

ಹೊಸ ವರ್ಷದ ಮೊದಲ ವಾರ ನಮ್ಮ ವಕೀಲೆ ದಾರಿಗಳನ್ನು ಬರೆದು ಕಳಿಸಿದರು. ಬೆಲೆ ಇಳಿಸಿ ಹಾಗೇ ಕೊಳ್ಳುವುದು ಒಂದು. ಆದರೆ ಬ್ಯಾಂಕಿಗೆ ಇದನ್ನು ತಿಳಿಸಲೇಬೇಕು, ಅವರು ನಾಲ್ಕು ಕೋಣೆಯ ಮನೆಯನ್ನು ಮೂರು ಅಂತ ಲೆಕ್ಕ ಹಾಕಬಹುದು. ಇನ್ನೊಂದು, ಮಾರುವವರು ಹಳೆಯ ಫೈಲ್ ತೆರೆಸಿ ಕೊನೆಯ ತಪಾಸಣೆ ಮಾಡಿಸುವುದು, ಅರ್ಜಿಯೇ ಹಾಕದೆ ತೆಗೆದ ಗೋಡೆಗೆ ಈಗ ರೆಗ್ಯುಲರೈಸೇಷನ್ ಸರ್ಟಿಫಿಕೇಟ್ ಪಡೆಯುವುದು. ಹೆಸರು ಕೇಳಿ ಇವರು "ನಮ್ಮ ಅಕ್ರಮ-ಸಕ್ರಮ ಇದ್ದ ಹಾಗೆ" ಅಂದರು. ಅಷ್ಟು ನೇರ ಹೋಲಿಕೆ ಆಗುವುದಿಲ್ಲ. ಇಲ್ಲಿ ದಂಡ ಕಟ್ಟಿದರೆ ಮುಗಿಯುವುದಿಲ್ಲ. ಕೆಲಸ ಮಾಡಿದ ಕಾಲದಲ್ಲಿ ಯಾವ ನಿಯಮ ಇತ್ತೋ ಅದಕ್ಕೆ ಹೊಂದಬೇಕು. ಬೇಕಿದ್ದರೆ ಗೋಡೆ ಒಡೆದು, ಪ್ಲಾಸ್ಟರ್ ಕಿತ್ತು ತೋರಿಸಬೇಕು. 1985ರ ನವೆಂಬರ್ 11ರ ನಂತರದ ಕೆಲಸಕ್ಕೆ ಮಾತ್ರ ಇದು ಸಿಗುತ್ತದೆ, ಕೌನ್ಸಿಲ್ ಮಾತ್ರ ಕೊಡುತ್ತದೆ.

ಹಿರಿಯರು ಒಪ್ಪಿದರು. ಮಗಳು ಹೇಳಿ ಒಪ್ಪಿಸಿದರು ಅಂತ ಆಮೇಲೆ ಗೊತ್ತಾಯಿತು. ಬೇರೆ ಗಿರಾಕಿ ಬಂದರೂ ಇದೇ ಪ್ರಶ್ನೆ ಬರುತ್ತದೆ, ಈಗಲೇ ಮುಗಿಸಿಬಿಡೋಣ ಅಂದರಂತೆ.

ಗೋಡೆಯ ಬಗ್ಗೆ ನಾವೇ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನು ಗೊತ್ತು ಮಾಡಿದೆವು, 420 ಪೌಂಡ್. ಜನವರಿ ಮೂರನೇ ವಾರ ಅವರ ಜೊತೆ ನಾನೂ ಹೋಗಿದ್ದೆ. ಹಿರಿಯರು ಬಾಗಿಲು ತೆರೆದರು. ನಾನು ಕ್ಷಮಿಸಿ ಅಂದೆ. ಅವರು ತಲೆಯಾಡಿಸಿ ಟೀ ಮಾಡಲು ಹೋದರು. ಇಂಜಿನಿಯರ್ ಹಾಲ್‌ನ ಮಧ್ಯೆ ನಿಂತು, ಮೊದಲು ಗೋಡೆ ಇದ್ದ ಜಾಗದ ಮೇಲಿನ ಸೀಲಿಂಗ್‌ನಲ್ಲಿ ಅಂಗೈ ಅಗಲದ ತೂತು ಕೊಯ್ದರು. ಬಿಳಿ ಪುಡಿ ಅವರ ಕನ್ನಡಕದ ಮೇಲೆಲ್ಲ ಬಿತ್ತು. ಟಾರ್ಚ್ ಹಾಕಿ ನೋಡಿ, ಕೈ ಒಳಗೆ ತೂರಿಸಿ, ಉಗುರಿನಿಂದ ಕುಟ್ಟಿದರು. ಟಣ್ ಅಂತು. ಕಬ್ಬಿಣದ ಬೀಮ್ ಇತ್ತು. ಎರಡು ತುದಿಯಲ್ಲಿ ಕಾಂಕ್ರೀಟ್ ದಿಂಬಿನ ಮೇಲೆ ಸರಿಯಾಗಿ ಕೂತಿತ್ತು. ನನ್ನ ಕಣ್ಣಲ್ಲಿ ನೀರು ಬಂತು.

ಆಮೇಲೆ ಅವರು ಮೆಟ್ಟಿಲು ಹತ್ತುತ್ತಾ ಒಂದೊಂದು ಕೋಣೆಯ ಬಾಗಿಲನ್ನೂ ಬೆರಳ ಗೆಣ್ಣಿನಿಂದ ತಟ್ಟಿದರು. ಡೊಬ್ ಡೊಬ್ ಅನ್ನುವ ಟೊಳ್ಳು ಸದ್ದು. "ಬೀಮ್ ನಿಮ್ಮ ಸಮಸ್ಯೆ ಅಲ್ಲ, ಸಮಸ್ಯೆ ಇದು" ಅಂದರು. ಎರಡು ಅಂತಸ್ತಿನ ಮನೆಯ ಮೇಲೆ ಅಟ್ಟದಲ್ಲಿ ಕೋಣೆ ಮಾಡಿದರೆ, ಅಲ್ಲಿ ಮಲಗಿದವರು ಕಿಟಕಿಯಿಂದ ಹಾರುವ ಹಾಗಿಲ್ಲ, ಅಷ್ಟು ಎತ್ತರ. ಮೆಟ್ಟಿಲೊಂದೇ ದಾರಿ. ಅದಕ್ಕೆ ಮೆಟ್ಟಿಲಿನಿಂದ ಮುಂಬಾಗಿಲವರೆಗೆ ಸುತ್ತಲೂ ಅರ್ಧ ಗಂಟೆ ಬೆಂಕಿ ತಡೆಯುವ ಗೋಡೆ ಇರಬೇಕು, ಕೋಣೆಗಳಿಗೆ ಬೆಂಕಿ ತಡೆಯುವ ಬಾಗಿಲು ಇರಬೇಕು. 2016ರಲ್ಲಿ ಬಾಗಿಲು ಬದಲಾಯಿಸಲಿಲ್ಲ, ಅದಕ್ಕೇ ಮೇಸ್ತ್ರಿ ಕೊನೆಯ ತಪಾಸಣೆಗೆ ಕರೆದಿರಲಿಕ್ಕಿಲ್ಲ. 2019ರಲ್ಲಿ ಮನೆ ವಿಶಾಲ ಕಾಣಲಿ ಅಂತ ಹಾಲ್‌ಗೂ ಮೆಟ್ಟಿಲಿಗೂ ನಡುವಿನ ಗೋಡೆಯನ್ನೇ ತೆಗೆದರು. ಅಲ್ಲಿಗೆ ಹಾಲ್‌ನಲ್ಲಿ ಬೆಂಕಿ ಬಿದ್ದರೆ ಹೊಗೆ ನೇರ ಅಟ್ಟಕ್ಕೆ. ನಾವು ಮೊದಲ ಸಲ ಬಂದಾಗ "ಎಷ್ಟು ವಿಶಾಲ!" ಅಂತ ಮೆಚ್ಚಿದ್ದು ಅದನ್ನೇ.

ಮನೆ ನೋಡಲು ಹೋದಾಗ ನೀವೂ ಬಾಗಿಲು ತಟ್ಟಿ ನೋಡಿ. ಅಟ್ಟದಲ್ಲಿ ಕೋಣೆ ಇದ್ದು, ಬಾಗಿಲು ಟೊಳ್ಳಾಗಿದ್ದು, ಮೆಟ್ಟಿಲು ಹಾಲ್‌ಗೆ ತೆರೆದುಕೊಂಡಿದ್ದರೆ ಅವತ್ತೇ ಸರ್ಟಿಫಿಕೇಟ್ ಕೇಳಿ.

ಜನವರಿ ಕೊನೆಗೆ ಕೌನ್ಸಿಲ್ ಇನ್ಸ್‌ಪೆಕ್ಟರ್ ಬಂದು ಹೋದರು. ಪಟ್ಟಿ ಇಂಜಿನಿಯರ್ ಹೇಳಿದ್ದೇ: ಮೆಟ್ಟಿಲ ಪಕ್ಕ ಗೋಡೆ ವಾಪಸ್ ಬರಬೇಕು, ಆರು ಬಾಗಿಲು ಬದಲಾಗಬೇಕು, ಪ್ರತಿ ಅಂತಸ್ತಿನಲ್ಲೂ ಕರೆಂಟಿಗೆ ಜೋಡಿಸಿದ ಸ್ಮೋಕ್ ಅಲಾರಂ ಬೇಕು. ಒಂದು ಕೂಗಿದರೆ ಎಲ್ಲವೂ ಕೂಗಬೇಕು. ಬೀಮಿಗೆ ಇಂಜಿನಿಯರ್ ಪತ್ರವನ್ನು ಒಪ್ಪಿಕೊಂಡರು. ಫೆಬ್ರವರಿ ಇಡೀ ಬಡಗಿಗೆ ಕಾದಿದ್ದೇ ಆಯಿತು. ಇಲ್ಲಿ ಒಳ್ಳೆಯ ಕೆಲಸಗಾರರು ನಾಳೆ ಬನ್ನಿ ಅಂದರೆ ಬರುವುದಿಲ್ಲ. ಮಾರ್ಚ್ ಎರಡನೇ ವಾರ ಕೆಲಸ ಮುಗಿಯಿತು, 20ಕ್ಕೆ ಕೊನೆಯ ತಪಾಸಣೆ, 27ಕ್ಕೆ ಎರಡು ಸರ್ಟಿಫಿಕೇಟ್. ಹಿರಿಯರಿಗೆ ಫೀಸ್ ಎಲ್ಲ ಸೇರಿ ಹತ್ತಿರ ಹತ್ತಿರ 5,000 ಪೌಂಡ್ ಖರ್ಚಾಯಿತಂತೆ.

27 ಅಂದರೆ ಗುರುವಾರ. ಮುಂದಿನ ಸೋಮವಾರವೇ 31. ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಫೋನ್ ಹಿಡಿದು ಕೂತೆ. ಬ್ಯಾಂಕ್ ಕಾಗದ ನೋಡಿ ಒಪ್ಪಿಗೆ ಕೊಡಬೇಕು, ಅವರಿಗೆ ಮೂರ್ನಾಲ್ಕು ದಿನ ಬೇಕು. ಅದೇ ತಾರೀಕಿಗೆ ಇಡೀ ದೇಶದ ಜನ ಓಡುತ್ತಿದ್ದರು. ಆಗಲಿಲ್ಲ. ಏಪ್ರಿಲ್ 2ಕ್ಕೆ ಎಕ್ಸ್‌ಚೇಂಜ್, 11ಕ್ಕೆ ಕೀ. ಸ್ಟಾಂಪ್ ಡ್ಯೂಟಿ 8,000 ಪೌಂಡ್ ಕಟ್ಟಿದೆವು. 6,250 ಪೌಂಡ್ ಜಾಸ್ತಿ. ಹನ್ನೊಂದು ದಿನಕ್ಕೆ. ಸಾಲದ ಗಡುವು ಇನ್ನೊಂದು ವಾರ ಇತ್ತು, ಅದೊಂದು ಉಳಿಯಿತು. ಆ ಹಣ ನೆನೆದರೆ ಈಗಲೂ ನೋವಾಗುತ್ತದೆ. ಅಕ್ಟೋಬರ್‌ನಲ್ಲೇ, ಸರ್ವೆಯ ಆ ಒಂದು ಸಾಲು ಓದಿದ ದಿನವೇ ಪ್ರಶ್ನೆ ಎತ್ತಿದ್ದರೆ ಆರು ವಾರ ಉಳಿಯುತ್ತಿತ್ತು.

ನಿಮ್ಮ ವಕೀಲರಿಗೆ ಮೊದಲ ವಾರವೇ ಕೇಳಬೇಕಾದ್ದನ್ನು ಹೇಳುತ್ತೇನೆ. ಮನೆಯಲ್ಲಿ ಏನೇನು ಬದಲಾಗಿದೆ ಅಂತ ನೀವೇ ಕಣ್ಣಾರೆ ನೋಡಿ ಬರೆದು ಕೊಡಿ, ವಕೀಲರು ಮನೆಗೆ ಬರುವುದಿಲ್ಲ, ಅವರಿಗೆ ಕಾಣುವುದು ಕಾಗದ ಮಾತ್ರ. ಸರ್ಚ್‌ನಲ್ಲಿ ಕಾಣುವುದು ಅರ್ಜಿ ಹಾಕಿದ ಕೆಲಸ. ಅರ್ಜಿಯೇ ಹಾಕದ ಗೋಡೆ ಅಲ್ಲಿ ಕಾಣುವುದಿಲ್ಲ. ಕಿಟಕಿ 2002ರ ಏಪ್ರಿಲ್ ನಂತರ ಹಾಕಿದ್ದರೆ ಫೆನ್ಸಾ (ಕಿಟಕಿ ಹಾಕುವವರ ನೋಂದಣಿ ಸಂಸ್ಥೆ) ಪತ್ರ, ಇಲ್ಲದಿದ್ದರೆ ಕೌನ್ಸಿಲ್ ಸರ್ಟಿಫಿಕೇಟ್. ಬಾಯ್ಲರ್‌ಗೆ ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ನೋಂದಣಿ) ಪತ್ರ. ಚಿಮಣಿ ಗೋಡೆಯ ಕೆಳಭಾಗ ತೆಗೆದಿದ್ದರೆ ಮೇಲಿನ ಭಾರವನ್ನು ಏನು ಹೊತ್ತಿದೆ ಅಂತ ಕೇಳಲೇಬೇಕು.

ಮೇ ತಿಂಗಳಲ್ಲಿ ಅತ್ತೆ ಬಂದರು. ಬಂದ ದಿನವೇ ಕೋಲು ಹಿಡಿದು ನಿಧಾನವಾಗಿ ಅಟ್ಟ ಹತ್ತಿದರು. ಮಗಳು ಹೊಸ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ ತೆರೆದಳು, ಅಷ್ಟು ಭಾರ ಅದು. ಬಾಗಿಲಿನ ಅಂಚಿನಲ್ಲಿ ಒಂದು ತೆಳು ಪಟ್ಟಿ ಇದೆ, ಬಿಸಿ ತಾಗಿದರೆ ಉಬ್ಬಿ ಸಂದು ಮುಚ್ಚಿ ಹೊಗೆ ತಡೆಯುತ್ತದೆ. ಅತ್ತೆಗೆ ಅದನ್ನು ತೋರಿಸಿದೆ. ಅವರು ಬಾಗಿಲನ್ನು ತಟ್ಟಿ ನೋಡಿ, ಮಂಚದ ಮೇಲೆ ಕೂತು, ರೈಲು ಎಲ್ಲಿ ಕಾಣುತ್ತದೆ ತೋರಿಸು ಅಂತ ಮೊಮ್ಮಗಳನ್ನು ಕರೆದರು.

ಕಳೆದ ವಾರ ಅಡುಗೆಮನೆಗೆ ಹೊಸ ವೈರಿಂಗ್ ಮಾಡಿಸಿದೆವು. ಎಲೆಕ್ಟ್ರಿಷಿಯನ್ ಹಣ ತೆಗೆದುಕೊಂಡು ಹೋಗಿದ್ದಾರೆ, ಸರ್ಟಿಫಿಕೇಟ್ ಇನ್ನೂ ಬಂದಿಲ್ಲ. ನಾಳೆ ಬೆಳಿಗ್ಗೆ ಫೋನ್ ಮಾಡಬೇಕು.